ಪರದೆಯ ಹಿಂದಿದ್ದ ಮುನ್ಶಿಗಳು

ಮುಂಬೈಯ ಗ್ರಾಂಟ್ ರೋಡ್ ಸ್ಟೇಷನ್‌ನಿಂದ ಪೂರ್ವಕ್ಕೆ ಸ್ವಲ್ಪ ನಡೆದರೆ ಪೀಲಾ ಹೌಸ್ ಅಂತ ಒಂದು ಜಾಗ ಸಿಗುತ್ತದೆ. ಹೆಸರು ಕೇಳಿ ಹಳದಿ ಬಣ್ಣದ ಮನೆ ಹುಡುಕಬೇಡಿ. ‘ಪ್ಲೇ ಹೌಸ್’ ಅನ್ನುವುದೇ ಜನರ ಬಾಯಲ್ಲಿ ಪೀಲಾ ಹೌಸ್ ಆಗಿದೆ. ಈ ಭಾಗದಲ್ಲಿ 1846ರಲ್ಲಿ ಗ್ರಾಂಟ್ ರೋಡ್ ಥಿಯೇಟರ್ ಶುರುವಾಯಿತು. 1853ರಲ್ಲಿ ಪಾರ್ಸಿಗಳು ಅಲ್ಲಿ ರುಸ್ತುಮ್-ಸೊಹ್ರಾಬ್ ಕಥೆಯ ನಾಟಕ ಆಡಿದರು. ಆಮೇಲಿನ ಸುಮಾರು ಎಂಬತ್ತು ವರ್ಷ ಪಾರ್ಸಿ ಕಂಪನಿಗಳು ಈ ದೇಶದ ಅತಿ ದೊಡ್ಡ ನಾಟಕದ ವ್ಯಾಪಾರ ನಡೆಸಿದವು.

ವ್ಯಾಪಾರ ಅಂತಲೇ ಹೇಳಬೇಕು. ಮಾಲೀಕರು ಪಾರ್ಸಿಗಳು, ಮನೆಮಾತು ಗುಜರಾತಿ. ಆದರೆ ಗುಜರಾತಿ ನಾಟಕ ಹೊತ್ತುಕೊಂಡು ಹೈದರಾಬಾದಿಗೋ ಲಾಹೋರಿಗೋ ಹೋದರೆ ಟಿಕೆಟ್ ಕೊಳ್ಳುವವರು ಯಾರು? 1871ರಲ್ಲಿ ವಿಕ್ಟೋರಿಯಾ ನಾಟಕ ಮಂಡಳಿ ‘ಸೋನೆ ಕೆ ಮೋಲ್ ಕಿ ಖುರ್ಷೀದ್’ ಆಡಿತು. ಎದಲ್‌ಜಿ ಖೋರಿ ಗುಜರಾತಿಯಲ್ಲಿ ಬರೆದಿದ್ದನ್ನು ಬೆಹ್ರಾಮ್‌ಜಿ ಮರ್ಜಬಾನ್ ಉರ್ದುವಿಗೆ ತಂದಿದ್ದರು. ಅಲ್ಲಿಂದ ಉರ್ದು ಈ ಕಂಪನಿಗಳ ಭಾಷೆಯಾಯಿತು, ಕಂಪನಿಯೊಳಗೆ ಮುನ್ಶಿ ಬಂದ.

ಮುನ್ಶಿ ಅಂದರೆ ನಾಟಕ ಬರೆದುಕೊಡುವವನು. ಕವಿ, ಆದರೆ ಸಂಬಳಗಾರ. ಸಾಹಿತ್ಯದ ಚರಿತ್ರೆ ಬರೆದವರು ಈ ಮುನ್ಶಿಗಳನ್ನು ಬಹಳ ಹಗುರವಾಗಿ ಕಂಡಿದ್ದಾರೆ. ಕಥೆಯ ನಡುವೆ ಸಂಬಂಧವೇ ಇಲ್ಲದ ಹಾಸ್ಯ ತುರುಕುತ್ತಾರೆ, ಗಂಭೀರ ದೃಶ್ಯ ಮುಗಿಯುವಷ್ಟರಲ್ಲಿ ವಿದೂಷಕ ಬಂದು ಹಾಡು ಶುರು ಮಾಡುತ್ತಾನೆ, ಅಭಿರುಚಿ ಇಲ್ಲ, ಹೀಗೆ. ಎದುರಿಗೆ ಕುರ್ಚಿಯಲ್ಲಿ ಕೂತವರಿಗೆ ಹಾಗೆ ಅನಿಸಿದ್ದು ಸಹಜ. ಸ್ವಲ್ಪ ಎದ್ದು ಪರದೆಯ ಹಿಂದಕ್ಕೆ ಹೋಗಿ ನೋಡೋಣ.

ಪಾರ್ಸಿ ರಂಗಮಂಚ ಆಳವಾದದ್ದು. ಹಿಂದುಗಡೆ ಅರಮನೆ, ಕಾಡು, ನದಿ, ಮಸಣ ಒಂದರ ಹಿಂದೆ ಒಂದು ಕಟ್ಟಬೇಕು. ಬಣ್ಣ ಬಳಿದ ಭಾರೀ ಬಟ್ಟೆಯ ಪರದೆಗಳು ಉದ್ದನೆಯ ಮರದ ದಿಂಡಿಗೆ ಸುತ್ತಿಕೊಂಡು ಮೇಲೆ ನೇತಾಡುತ್ತಿರುತ್ತವೆ, ಹಗ್ಗ ಎಳೆಯುವವರು ಪಕ್ಕದಲ್ಲಿ ಸಾಲಾಗಿ ನಿಂತಿರುತ್ತಾರೆ. ಪರಿ ಇಳಿದು ಬರಬೇಕಾದರೆ ತಂತಿ ಮತ್ತು ರಾಟೆ, ದೇವ್ ನೆಲದಿಂದ ಏಳಬೇಕಾದರೆ ಹಲಗೆಯಲ್ಲಿ ಕೊರೆದ ಬಾಗಿಲು. ಈ ಸಾಮಾನನ್ನೆಲ್ಲ ಎತ್ತಿ, ಇನ್ನೊಂದನ್ನು ನಿಲ್ಲಿಸಿ, ಕಟ್ಟಿ, ಬೆಳಕು ಸರಿಮಾಡಲು ಸಮಯ ಬೇಕಲ್ಲ? ಸಭೆಯನ್ನು ಅಷ್ಟು ಹೊತ್ತು ಸುಮ್ಮನೆ ಕೂರಿಸಿದರೆ ಶಿಳ್ಳೆ ಶುರುವಾಗುತ್ತದೆ. ಅದಕ್ಕೆ ಮುಂಭಾಗದಲ್ಲಿ ಒಂದು ಬೀದಿಯ ಪರದೆ ಇಳಿಸಿ, ಅದರ ಮುಂದೆ ಇಬ್ಬರು ಮೂವರು ನಿಂತು ಆಡುವ ದೃಶ್ಯ ಇಡುತ್ತಿದ್ದರು. ಹಾಸ್ಯದವನು ಮುಂದೆ ಹೆಂಡತಿ ಜೊತೆ ಜಗಳ ಆಡುತ್ತಿದ್ದರೆ ಹಿಂದೆ ಬಡಗಿಗಳು ಕೆಲಸದಲ್ಲಿರುತ್ತಿದ್ದರು. ಒಂದು ಆಳದ ದೃಶ್ಯ, ಒಂದು ಮುಂಬದಿಯ ದೃಶ್ಯ, ಮತ್ತೆ ಆಳದ್ದು. ಇಡೀ ನಾಟಕದ ಕಟ್ಟಣೆ ಇದೇ.

ಮುನ್ಶಿ ಬರೆಯುತ್ತಿದ್ದದ್ದು ಈ ಲೆಕ್ಕಕ್ಕೆ. ಹಿಂದೆ ದರ್ಬಾರು ಕಟ್ಟಬೇಕಾದರೆ ಮುಂದಿನ ಮಾತು ಉದ್ದವಾಗಬೇಕು, ಬರೀ ತೋಟವಾದರೆ ಒಂದು ಹಾಡು ಸಾಕು. ಸಭೆ ‘ಒನ್ಸ್ ಮೋರ್’ ಕೂಗಿದರೆ ಸತ್ತುಬಿದ್ದ ನಾಯಕನೂ ಎದ್ದು ಮತ್ತೆ ಹಾಡಬೇಕು, ಹಗ್ಗದವನು ಕೈ ಬಿಗಿಹಿಡಿದು ಕಾಯಬೇಕು. ಆ ಹಾಸ್ಯವೆಲ್ಲ ಉತ್ತಮ ದರ್ಜೆಯದು ಅಂತ ನಾನು ವಾದಿಸುವುದಿಲ್ಲ, ಕೆಲವು ನಿಜಕ್ಕೂ ಕೀಳಾಗಿದ್ದವು. ಆದರೆ ಕವಿಗೆ ಬುದ್ಧಿ ಇರಲಿಲ್ಲ ಅನ್ನುವ ಮುಂಚೆ ಬಡಗಿಗೆ ಎಷ್ಟು ನಿಮಿಷ ಬೇಕಿತ್ತು ಅಂತ ಕೇಳಬೇಕು.

ಬರೆದು ಕೊಟ್ಟರೆ ಮುನ್ಶಿಯ ಕೆಲಸ ಮುಗಿಯುತ್ತಿರಲಿಲ್ಲ. ಉರ್ದು ಬಾರದ ಗುಜರಾತಿ ಹುಡುಗರಿಗೆ ‘ಶ’, ‘ಖ’, ‘ಜ’ಗಳ ಉಚ್ಚಾರ ತಿದ್ದಿ ಮಾತು ಕಲಿಸಬೇಕಿತ್ತು. ಎಷ್ಟೋ ಉರ್ದು ನಾಟಕಗಳು ಗುಜರಾತಿ ಲಿಪಿಯಲ್ಲೇ ಅಚ್ಚಾಗಿವೆ ನೋಡಿ. ಭಾಷೆ ಒಬ್ಬರದು, ಲಿಪಿ ಇನ್ನೊಬ್ಬರದು. ಬರೆದ ನಾಟಕ ಮಾತ್ರ ಕಂಪನಿಯ ಆಸ್ತಿ. ಎದುರಾಳಿ ಕಂಪನಿಯ ಕೈಗೆ ಸಿಗಬಾರದು ಅಂತ ಹಸ್ತಪ್ರತಿಯನ್ನು ಕಾಪಾಡುತ್ತಿದ್ದರು. ಅದಕ್ಕೇ ಇವತ್ತು ಒಂದೇ ನಾಟಕದ ನಾಲ್ಕಾರು ಪಾಠಗಳು ಸಿಗುತ್ತವೆ, ಯಾವುದು ಮೂಲ ಅಂತ ಹೇಳುವುದು ಕಷ್ಟ.

ಲಖನೌದ ಮೆಹದಿ ಹಸನ್ ‘ಅಹ್ಸನ್’ ಹ್ಯಾಮ್ಲೆಟ್ ಅನ್ನು ‘ಖೂನ್-ಎ-ನಾಹಕ್’ ಮಾಡಿದರು. ಬನಾರಸ್‌ನಲ್ಲಿ 1879ರಲ್ಲಿ ಹುಟ್ಟಿದ ಆಗಾ ಹಶ್ರ್ ಕಾಶ್ಮೀರಿ ಕಿಂಗ್ ಲಿಯರ್ ಅನ್ನು ‘ಸಫೇದ್ ಖೂನ್’ ಮಾಡಿದರು, ‘ಯಹೂದಿ ಕಿ ಲಡ್ಕಿ’ ಬರೆದರು, ಅದೇ ಕೈಯಿಂದ ಸೀತೆಯ ವನವಾಸವನ್ನೂ ಬಿಲ್ವಮಂಗಳನ ಕಥೆಯನ್ನೂ ಬರೆದರು. ಅತ್ತ ವಿನಾಯಕ ಪ್ರಸಾದ್ ‘ತಾಲಿಬ್’, ನಾರಾಯಣ ಪ್ರಸಾದ್ ‘ಬೇತಾಬ್’ ಇದೇ ಕಂಪನಿಗಳಿಗೆ ಉರ್ದುವಿನಲ್ಲಿ ಬರೆಯುತ್ತಿದ್ದರು. ಹಶ್ರ್ ಸಾಹೇಬರ ಹೆಸರು ಟಿಕೆಟ್ ಮಾರುವಷ್ಟು ದೊಡ್ಡದಾಗಿತ್ತು. ಸ್ವಂತ ಕಂಪನಿಯನ್ನೂ ಕಟ್ಟಿದರು, ಅದು ಬಾಳಲಿಲ್ಲ. ಮತ್ತೆ ಬೇರೆಯವರಿಗೆ ಬರೆಯಬೇಕಾಯಿತು. 1935ರಲ್ಲಿ ಲಾಹೋರಿನಲ್ಲಿ ತೀರಿಕೊಂಡರು. 1958ರಲ್ಲಿ ಬಿಮಲ್ ರಾಯ್ ‘ಯಹೂದಿ’ ತೆಗೆದಾಗ ನಮ್ಮ ಹಿರಿಯರು ದಿಲೀಪ್ ಕುಮಾರ್‌ಗೋಸ್ಕರ ಹೋದರು. ಕಥೆ ಹಶ್ರ್ ಅವರದು ಅಂತ ಎಷ್ಟು ಮಂದಿಗೆ ಗೊತ್ತಿತ್ತೋ.

ನಟರ ಪಾಡೂ ಒಳಗಿನಿಂದ ಬೇರೆಯೇ. ನ್ಯೂ ಆಲ್ಫ್ರೆಡ್ ಕಂಪನಿಯಲ್ಲಿ ಸೊಹ್ರಾಬ್‌ಜಿ ಓಗ್ರಾ ಅವರ ಕಟ್ಟುನಿಟ್ಟು. ಹೆಂಗಸರು ರಂಗ ಹತ್ತುವಂತಿಲ್ಲ. ಮುರಾದಾಬಾದಿನ ಫಿದಾ ಹುಸೇನ್ 1918ರಲ್ಲಿ ಅಲ್ಲಿ ಸೇರಿ ವರ್ಷಗಟ್ಟಲೆ ಸೀರೆ ಉಟ್ಟು ಸ್ತ್ರೀಪಾತ್ರ ಮಾಡಿದರು. ಮುಂದೆ ಭಕ್ತ ನರಸಿ ಮೆಹತಾ ಪಾತ್ರದಲ್ಲಿ ಎಷ್ಟು ಜನಪ್ರಿಯರಾದರು ಅಂದರೆ ‘ನರಸಿ’ ಅನ್ನುವುದು ಅವರ ಹೆಸರಿಗೇ ಅಂಟಿಕೊಂಡಿತು. ಮಾಸ್ಟರ್ ಫಿದಾ ಹುಸೇನ್ ನರಸಿ.

ರಂಗದ ಮುಂದೆಯೇ ಇದ್ದರೂ ಕಣ್ಣಿಗೆ ಬೀಳದವರು ಸಾಜಿನವರು. ಮರಾಠಿಯ ಬಾಲಗಂಧರ್ವರು ಹೆಣ್ಣಾಗಿ ನಿಂತು ಹಾಡುವಾಗ ತಬಲಾ ಅಹ್ಮದ್ ಜಾನ್ ತಿರಕ್ವಾ ಅವರದು, ಸಾರಂಗಿ ಕಾದರ್ ಬಕ್ಷ್ ಅವರದು. 1930ರ ದಶಕದ ಕೊನೆಗೆ ಅದೇ ಕಂಪನಿಗೆ ಬಂದ ಗೋಹರ್‌ಬಾಯಿ ಕರ್ನಾಟಕಿ ನಮ್ಮ ಬಿಜಾಪುರದ ಕಡೆಯವರು. ತಂಗಿ ಅಮೀರ್‌ಬಾಯಿ ಸಿನಿಮಾದಲ್ಲಿ ಹೆಸರು ಮಾಡಿದ್ದರಿಂದ ಅವರನ್ನು ಎಲ್ಲರೂ ಬಲ್ಲರು, ಅಕ್ಕನನ್ನು ನೆನೆಯುವವರು ಕಡಿಮೆ.

ಪಾರ್ಸಿ ಕಂಪನಿಗಳು ದಕ್ಷಿಣಕ್ಕೂ ಬಂದವು. ಅವರ ಪರದೆ, ಬೆಳಕು, ಹಾರ್ಮೋನಿಯಂ ನೋಡಿ ಬೆರಗಾದ ಕನ್ನಡ ಕಂಪನಿಗಳು ಆ ಹಿಂಬದಿಯನ್ನೂ ತಮ್ಮಲ್ಲಿ ಕಟ್ಟಿಕೊಂಡವು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ 1934ರಲ್ಲಿ ‘ಕುರುಕ್ಷೇತ್ರ’ಕ್ಕೆ ಆನೆಗಳನ್ನೇ ರಂಗಕ್ಕೆ ತಂದಿತು. ಜನ ಆನೆ ನೋಡಿದರು. ಆನೆ ನಿಲ್ಲುವಷ್ಟು ಗಟ್ಟಿ ರಂಗ ಕಟ್ಟಿದವರ ಹೆಸರು ನಮಗೆ ಸಿಗುವುದಿಲ್ಲ. ಬಣ್ಣದ ಕೋಣೆಯಲ್ಲಿ ಸಫೇತ, ಅರದಾಳ, ಇಂಗಳೀಕ. ಅರದಾಳದಲ್ಲಿ ಪಾಷಾಣ, ಇಂಗಳೀಕದಲ್ಲಿ ಪಾದರಸ. ಅದನ್ನೇ ಎಣ್ಣೆಯಲ್ಲಿ ಕಲಸಿ ರಾತ್ರಿ ರಾತ್ರಿ ಮುಖಕ್ಕೆ ತಿಕ್ಕಿಕೊಳ್ಳುತ್ತಿದ್ದರು.

ಮೈಸೂರು ಸೀಮೆಯಲ್ಲಿ ಮಹಮದ್ ಪೀರ್ ಇದ್ದರು. ಚಂದ್ರಕಲಾ ನಾಟಕ ಮಂಡಳಿ ಅವರದು. ‘ಷಹಜಹಾನ್’ ನಾಟಕಕ್ಕೆ ಎಷ್ಟು ಹೆಸರೋ ‘ಗೌತಮ ಬುದ್ಧ’ಕ್ಕೂ ಅಷ್ಟೇ. ಆ ಮಂಡಳಿಯ ‘ಸಂಸಾರ ನೌಕಾ’ 1936ರಲ್ಲಿ ಸಿನಿಮಾ ಆಯಿತು, ಬಿ.ಆರ್. ಪಂತುಲು, ಎಂ.ವಿ. ರಾಜಮ್ಮ ಅದರಿಂದಲೇ ತೆರೆಗೆ ಬಂದರು. ಪೀರ್ ಮರುವರ್ಷವೇ ತೀರಿಕೊಂಡರು.

ಈ ಬಳಗದ ಕೆಲವು ಮಾತುಗಳು ಮಾತ್ರ ಕನ್ನಡ ನಾಟಕದಲ್ಲಿ ಸಲೀಸಾಗಿ ಉಳಿದಿವೆ. ಪರದೆ, ಪೋಷಾಕು ಫಾರಸಿಯವು, ಮಾಲೀಕ ಅರಬ್ಬಿಯದು. ಹಾಸ್ಯದವನಿಗೆ ನಮ್ಮ ಉತ್ತರ ಕರ್ನಾಟಕದವರು ಹೇಳುವ ‘ನಕಲಿ’ಯೂ ಅರಬ್ಬಿ ಮೂಲದ್ದೇ. ಕಲಿಕೆ ಅನ್ನುವ ಅರ್ಥದ ಅರಬ್ಬಿಯ ‘ತಾಲೀಮ್’ ಕನ್ನಡದಲ್ಲಿ ತಾಲೀಮು ಆಗಿದೆ. ಮುಂಬೈಯಲ್ಲಾಗಲಿ ಪುಣೆಯಲ್ಲಾಗಲಿ ಕನ್ನಡದವರು ನಾಟಕ ಎತ್ತಿಕೊಂಡರೆ ಮೊದಲು ಕೇಳುವುದು ಅದನ್ನೇ: ತಾಲೀಮು ಎಷ್ಟು ಗಂಟೆಗೆ?