ಕಡಲಿಗೆ ಸುರಿದ ಕಾರ್ಡು, ಸಂತೆಯ ಚೌಕಾಸಿ

ಅಮೆರಿಕದ ಬೇಸ್‌ಬಾಲ್ ಕಾರ್ಡುಗಳ ಸಂತೆಯಲ್ಲಿ ಚೌಕಾಸಿಗೆ ಮಾತಿನ ಜಾಣ್ಮೆಗಿಂತ ಇತಿಹಾಸದ ಅರಿವೇ ಹೆಚ್ಚು ನೆರವಾಗುತ್ತದೆ ಎಂಬುದು ನನ್ನ ಅನಿಸಿಕೆ. ಟಾಪ್ಸ್ ಕಂಪನಿಯ 1952ರ ಸರಣಿಯ ಕೊನೆಯ ಕಂತು ಸರಿಯಾಗಿ ಮಾರಾಟವಾಗಲಿಲ್ಲ. ಉಳಿದ ಪೆಟ್ಟಿಗೆಗಳನ್ನು 1960ರಲ್ಲಿ ಅಟ್ಲಾಂಟಿಕ್ ಕಡಲಿಗೆ ಸುರಿಸಿದ್ದಾಗಿ ಕಂಪನಿಯ ಸೈ ಬರ್ಗರ್ ಹೇಳುತ್ತಿದ್ದರು. ಅದೇ ಕಂತಿನ ಮಿಕ್ಕಿ ಮ್ಯಾಂಟಲ್ ಕಾರ್ಡೊಂದನ್ನು ವ್ಯಾಪಾರಿ ಅಲನ್ ರೋಸನ್ 1991ರಲ್ಲಿ 50,000 ಡಾಲರಿಗೆ ಮಾರಿದರು. 2022ರ ಹರಾಜಿನಲ್ಲಿ ಅದಕ್ಕೆ 1.26 ಕೋಟಿ ಡಾಲರ್ ಬಂತು.

1980ರ ದಶಕದ ಕೊನೆಯ ಕಾರ್ಡುಗಳ ಕಥೆಯೇ ಬೇರೆ. ಕಂಪನಿಗಳು ವಿಪರೀತ ಅಚ್ಚು ಹಾಕಿದವು, ಜನ ಜೋಪಾನವಾಗಿ ಕೂಡಿಟ್ಟರು. ಎಲ್ಲರ ಮನೆಯಲ್ಲೂ ಇರುವುದಕ್ಕೆ ಬೆಲೆ ಎಲ್ಲಿಂದ ಬರಬೇಕು?

ಹಾಗಾಗಿ ‘ಹಳೆಯದು ಸ್ವಾಮಿ’ ಎನ್ನುವ ವ್ಯಾಪಾರಿಗೆ ಒಂದೇ ಪ್ರಶ್ನೆ ಸಾಕು: ಇಂಥವು ಇನ್ನೆಷ್ಟು ಉಳಿದಿವೆ? ಚೌಕಾಸಿ ಅಲ್ಲಿಂದಲೇ ಶುರುವಾಗಲಿ.