ಗಂಟು ಬಿಚ್ಚಿದವರ ಊರು

ವಿಜಯಪುರಕ್ಕೆ ಬಂದವರು ಮೊದಲು ನೋಡುವುದು ಗೋಳಗುಮ್ಮಟವನ್ನು. ಅದರ ಮೇಲಂತಸ್ತಿನ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿ ನಿಂತವರಿಗೂ ಮಾತು ಕೇಳಿಸುತ್ತದೆ. ಇದೇ ಊರಿನಲ್ಲಿ ಇನ್ನೊಂದು ಗುಮ್ಮಟವಿತ್ತು. ಎಂಟುನೂರು ವರ್ಷಗಳ ಹಿಂದಿನ ದನಿಗಳನ್ನು ಇಡೀ ನಾಡಿಗೆ ಕೇಳಿಸಿದ ಕಾರಣಕ್ಕೆ ಕನ್ನಡಿಗರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರನ್ನು ‘ವಚನ ಗುಮ್ಮಟ’ ಎಂದು ಕರೆದರು.

ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ. ಭಾರತದ ಕಾನೂನಿನ ಪ್ರಕಾರ ಲೇಖಕನ ಮರಣಾನಂತರ ಅರವತ್ತು ವರ್ಷಗಳವರೆಗೆ ಕೃತಿಸ್ವಾಮ್ಯ ಉಳಿಯುತ್ತದೆ. ಆ ಲೆಕ್ಕದಲ್ಲಿ 2024ರ ಡಿಸೆಂಬರ್ 31ಕ್ಕೆ ಅವರ ಸ್ವಂತ ಬರವಣಿಗೆಯ ಮೇಲಿನ ಹಕ್ಕಿನ ಅವಧಿ ಮುಗಿದು, 2025ರ ಜನವರಿ 1ರಿಂದ ಅದು ಸಾರ್ವಜನಿಕರ ಸೊತ್ತಾಯಿತು. ಈಗ ಅದನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಕಂಪ್ಯೂಟರಿಗೆ ಏರಿಸಬಹುದು, ಬ್ರೈಲ್ ಲಿಪಿಗೆ ತಿರುಗಿಸಬಹುದು, ಮಾರಬಹುದು, ಹಾಗೆಯೇ ಹಂಚಲೂಬಹುದು. ಯಾರ ಅಪ್ಪಣೆಯೂ ಬೇಕಿಲ್ಲ.

ಕಂಪ್ಯೂಟರ್ ಲೋಕದಲ್ಲಿ ‘ಮುಕ್ತ ತಂತ್ರಾಂಶ’ ಎಂಬ ಹೆಸರಿನಲ್ಲಿ ನಾಲ್ಕು ದಶಕಗಳಿಂದ ನಡೆದಿರುವ ಚಳವಳಿ ಕೇಳುವುದೂ ಇಂಥದೇ ಸ್ವಾತಂತ್ರ್ಯವನ್ನು. ಲಿನಕ್ಸ್ ಎಂಬ ಮಾತು ಕೇಳಿದರೆ ಅದು ಎಂಜಿನಿಯರುಗಳ ವಿಷಯವೆಂದು ಪುಟ ತಿರುವುವವರಿದ್ದಾರೆ. ಆದರೆ ಆ ಚಳವಳಿ ಎತ್ತಿದ ಪ್ರಶ್ನೆಗಳನ್ನು ವಿಜಯಪುರದ ಒಬ್ಬ ವಕೀಲರು ಅದಕ್ಕೂ ಅರವತ್ತು ವರ್ಷ ಮೊದಲೇ ಎದುರಿಸಿದ್ದರು.

ಜಗಲಿಯ ಮೇಲಿನ ಕಟ್ಟು

ಹಳಕಟ್ಟಿಯವರು 1880ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಮುಂಬಯಿಯಲ್ಲಿ ಓದಿ, 1904ರಲ್ಲಿ ಕಾನೂನು ಪದವಿ ಪಡೆದು, ಕೆಲಕಾಲ ಬೆಳಗಾವಿಯಲ್ಲಿದ್ದು ಅಂದಿನ ಬಿಜಾಪುರಕ್ಕೆ ಬಂದು ವಕೀಲಿ ಹೂಡಿದರು. ವಚನಗಳ ಹಸ್ತಪ್ರತಿಗಳ ಗೀಳು ಅವರಿಗೆ ಹತ್ತಿದ್ದು ಆ ದಿನಗಳಲ್ಲೇ.

ಆಗ ವಚನಗಳು ಇರಲಿಲ್ಲವೆಂದಲ್ಲ. ಕೆಲವು ಗ್ರಂಥಗಳು ಅಚ್ಚಾಗಿಯೂ ಇದ್ದವು. ಆದರೆ ಬಹುಪಾಲು ವಚನಗಳು ಮಠಗಳಲ್ಲಿ, ಹಳೆಯ ಮನೆತನಗಳಲ್ಲಿ, ದೇವರ ಜಗಲಿಯ ಮೇಲೆ ಅರಿವೆಯಲ್ಲಿ ಸುತ್ತಿಟ್ಟ ತಾಡೋಲೆಗಳಲ್ಲಿದ್ದವು. ಅವುಗಳಿಗೆ ವಿಭೂತಿ ಏರುತ್ತಿತ್ತು, ಹೂವು ಏರುತ್ತಿತ್ತು. ಓದುವವರು ಮಾತ್ರ ವಿರಳ. ಗೆದ್ದಲು ಮತ್ತು ತೇವಕ್ಕೆ ಪೂಜೆಯ ಭಯವಿಲ್ಲ. ಬಸವಣ್ಣನ ಹುಟ್ಟೂರೆನಿಸಿದ ಬಸವನ ಬಾಗೇವಾಡಿ ಇದೇ ಜಿಲ್ಲೆಯಲ್ಲಿದ್ದರೂ, ಅವನ ಮಾತುಗಳು ಒಟ್ಟಾಗಿ ಸಾಮಾನ್ಯ ಓದುಗನ ಕೈಗೆ ಸಿಗುವಂತಿರಲಿಲ್ಲ.

ಹಳಕಟ್ಟಿಯವರು ಊರೂರು ತಿರುಗಿದರು, ಮನೆಯವರನ್ನು ಒಪ್ಪಿಸಿದರು, ಕಟ್ಟು ಬಿಚ್ಚಿಸಿದರು, ಪ್ರತಿ ಮಾಡಿಕೊಂಡರು. ಒಂದೇ ವಚನಕ್ಕೆ ಬೇರೆ ಬೇರೆ ಓಲೆಗಳಲ್ಲಿ ಬೇರೆ ಬೇರೆ ಪಾಠ ಸಿಕ್ಕಾಗ ಹೋಲಿಸಿ ನೋಡಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಗಿ ಹೊರಬಂತು. ಇಲ್ಲಿ ವಚನಗಳನ್ನು ವಿಷಯಕ್ಕನುಗುಣವಾಗಿ ಜೋಡಿಸಲಾಗಿತ್ತು. ಪೂಜಿಸುವ ವಸ್ತು ಹುಡುಕಿ ಓದುವ ಗ್ರಂಥವಾಯಿತು.

ಬೇರೊಬ್ಬರ ಅಚ್ಚುಕೂಟವನ್ನು ನೆಚ್ಚಿ ಕುಳಿತರೆ ಕೆಲಸ ಸಾಗದೆಂದು ಅವರಿಗೆ ಬೇಗನೆ ಮನವರಿಕೆಯಾಯಿತು. 1925ರಲ್ಲಿ ಇದ್ದ ಮನೆಯನ್ನೇ ಮಾರಿ ಬಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯ ತೆರೆದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಹುಟ್ಟಿತು. ಅದನ್ನು ಮೂರು ದಶಕಕ್ಕೂ ಹೆಚ್ಚು ಕಾಲ ನಡೆಸಿದರು. 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆಯೂ ಬಂತು. ಹೊಸ ಹಸ್ತಪ್ರತಿ ಸಿಕ್ಕಿತೆಂದರೆ ಅದು ಕಪಾಟು ಸೇರುತ್ತಿರಲಿಲ್ಲ, ಅಚ್ಚಿನ ಮೊಳೆ ಸೇರುತ್ತಿತ್ತು.

ಹಡಗು ಏರಿದ ಗ್ರಂಥಾಲಯ

ಹೀಗೆ ಹಂಚದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿಯೂ ಇದೇ ಊರಿನಲ್ಲಿದೆ. ಆದಿಲಶಾಹಿ ಕಾಲದ ಅರಬ್ಬಿ, ಫಾರಸಿ ಹಸ್ತಪ್ರತಿಗಳಲ್ಲಿ ಉಳಿದಿದ್ದವು ಆಸಾರ್ ಮಹಲಿನಲ್ಲಿದ್ದವು. ಸ್ವತಃ ಕವಿಯೂ ಸಂಗೀತಪ್ರೇಮಿಯೂ ಆಗಿದ್ದ ಎರಡನೆಯ ಇಬ್ರಾಹಿಂ ಆದಿಲಶಹನಂಥವರು ಆಳಿದ ರಾಜಧಾನಿಯ ವಿದ್ಯಾಸಂಪತ್ತು ಅದು. 1853ರಲ್ಲಿ ಅಲ್ಲಿಂದ ನಾನೂರಕ್ಕೂ ಹೆಚ್ಚು ಗ್ರಂಥಗಳನ್ನು ಕಂಪನಿ ಸರ್ಕಾರ ಲಂಡನ್ನಿಗೆ ಸಾಗಿಸಿತು. ಇಂದು ಅವು ಬ್ರಿಟಿಷ್ ಲೈಬ್ರರಿಯ ಸಂಗ್ರಹದಲ್ಲಿವೆ.

ಅಲ್ಲಿ ಅವು ಸುರಕ್ಷಿತವಾಗಿವೆ, ಪಟ್ಟಿಯಾಗಿವೆ ಎಂಬುದನ್ನು ಒಪ್ಪಬೇಕು. ಆದರೆ ಅವುಗಳ ಪ್ರತಿಗಳು ಊರಿನಲ್ಲಿ ಹರಡಿರಲಿಲ್ಲವಾದ್ದರಿಂದ, ಮೂಲ ಹೋದ ದಿನವೇ ಊರಿನ ಪಾಲಿಗೆ ಎಲ್ಲವೂ ಹೋಯಿತು. ವಚನಗಳ ಮಾತು ಬೇರೆ. ಹಳಕಟ್ಟಿಯವರು ಕಂಡ ಓಲೆಗಳಲ್ಲಿ ಎಷ್ಟೋ ಮುಂದೆ ನಶಿಸಿರಬಹುದು. ಅವುಗಳಲ್ಲಿದ್ದ ಮಾತು ಸಾವಿರ ಮನೆಗಳಿಗೆ ಹಂಚಿಹೋಗಿತ್ತು. ಒಂದೇ ಪ್ರತಿ ಎಷ್ಟೇ ಭದ್ರವಾಗಿದ್ದರೂ ಒಂದೇ ಪ್ರತಿ.

ಕೊಡುವುದಿಲ್ಲ ಎಂದ ಗೆಳೆಯ

ಇಲ್ಲಿಂದ ಅಮೆರಿಕದ ಒಂದು ಪ್ರಯೋಗಾಲಯಕ್ಕೆ ಹೋಗಬೇಕು. 1980ರ ಸುಮಾರಿಗೆ ಎಂ.ಐ.ಟಿ. ಎಂಬ ವಿದ್ಯಾಸಂಸ್ಥೆಗೆ ಹೊಸದೊಂದು ಲೇಸರ್ ಪ್ರಿಂಟರ್ ಬಂತು. ಅದರಲ್ಲಿ ಪದೇ ಪದೇ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಹಳೆಯ ಯಂತ್ರವಿದ್ದಾಗ ರಿಚರ್ಡ್ ಸ್ಟಾಲ್‌ಮನ್ ಎಂಬ ಪ್ರೋಗ್ರಾಮರ್ ಅದರ ತಂತ್ರಾಂಶವನ್ನು ತಾನೇ ತಿದ್ದಿ, ಕಾಗದ ಸಿಕ್ಕಿಕೊಂಡ ಕೂಡಲೇ ಬಳಕೆದಾರರಿಗೆ ಸೂಚನೆ ಹೋಗುವಂತೆ ಮಾಡಿದ್ದ. ಹೊಸ ಯಂತ್ರಕ್ಕೂ ಹಾಗೆಯೇ ಮಾಡೋಣವೆಂದರೆ ಅದರ ಮೂಲ ಬರಹವನ್ನು ಕಂಪನಿ ಕೊಟ್ಟಿರಲಿಲ್ಲ. ಅದರ ಪ್ರತಿ ಇದ್ದ ಇನ್ನೊಂದು ವಿಶ್ವವಿದ್ಯಾಲಯದ ಸಂಶೋಧಕನನ್ನು ಕೇಳಿದಾಗ, ಯಾರಿಗೂ ತೋರಿಸುವುದಿಲ್ಲವೆಂದು ಕಂಪನಿಗೆ ಬರೆದುಕೊಟ್ಟಿದ್ದೇನೆ ಎಂಬ ಉತ್ತರ ಬಂತು.

ತಂತ್ರಾಂಶವೆಂದರೆ ಕಂಪ್ಯೂಟರಿಗೆ ಮನುಷ್ಯ ಬರೆದ ಸೂಚನೆಗಳ ಬರಹ. ಅದನ್ನು ಯಂತ್ರಕ್ಕೆ ಮಾತ್ರ ತಿಳಿಯುವ ರೂಪಕ್ಕೆ ತಿರುಗಿಸಿ ಮಾರಿದರೆ ಕೊಂಡವನು ಬಳಸಬಲ್ಲ, ಓದಲಾರ. ಅರಿವೆ ಬಿಚ್ಚದ ತಾಡೋಲೆಗೂ ಅದಕ್ಕೂ ಹೆಚ್ಚು ಅಂತರವಿಲ್ಲ. ಮೂಲ ಬರಹ ಎಲ್ಲರಿಗೂ ದಕ್ಕಬೇಕೆಂಬ ಸಂಕಲ್ಪದಿಂದ ಸ್ಟಾಲ್‌ಮನ್ 1983ರಲ್ಲಿ ‘ಗ್ನೂ’ ಯೋಜನೆ ಘೋಷಿಸಿದ. 1989ರಲ್ಲಿ ಬಂದ ಅವನ ಸಾರ್ವಜನಿಕ ಪರವಾನಗಿಯ ಶರತ್ತು ಸರಳವಾದದ್ದು: ಓದು, ಬಳಸು, ತಿದ್ದು, ಹಂಚು, ಆದರೆ ನೀನು ಹಂಚುವಾಗ ನಿನಗೆ ಸಿಕ್ಕ ಸ್ವಾತಂತ್ರ್ಯವನ್ನೇ ಮುಂದಿನವನಿಗೂ ಕೊಡು.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಬರೆಯತೊಡಗಿದ ಲಿನಕ್ಸ್ ಮರುವರ್ಷ ಈ ಪರವಾನಗಿಯಡಿ ಬಂತು. ಇಂದು ಆಂಡ್ರಾಯ್ಡ್ ಮೊಬೈಲುಗಳ ತಿರುಳು ಅದೇ. ಜಗತ್ತಿನ ಅತಿ ವೇಗದ ಐನೂರು ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಈಚೆಗೆ ಇರುವುದೆಲ್ಲವೂ ಲಿನಕ್ಸ್ ಯಂತ್ರಗಳೇ. ಟಿಕೋಟಾದ ಸಂತೆಯಲ್ಲೋ ಬಬಲೇಶ್ವರದ ಬಸ್ ನಿಲ್ದಾಣದಲ್ಲೋ ಮೊಬೈಲ್ ತೆಗೆದು ಹಣ ಪಾವತಿಸುವ ರೈತ ತಿಳಿಯದೆಯೇ ಈ ಹಂಚಿಕೆಯ ಫಲ ಉಣ್ಣುತ್ತಿರುತ್ತಾನೆ.

ಮೊಳೆಯಿಂದ ಸಂಖ್ಯೆಗೆ

ಹಳಕಟ್ಟಿಯವರು ಆರಂಭಿಸಿದ ಕೆಲಸವನ್ನು ಮುಂದುವರಿಸಿದವರಲ್ಲಿ ಇದೇ ಜಿಲ್ಲೆಯ ಮಣ್ಣಿನ ಡಾ. ಎಂ.ಎಂ. ಕಲಬುರ್ಗಿಯವರು ಪ್ರಮುಖರು. ಅವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಪ್ರಕಟಿಸಿತು. 1993ರಲ್ಲಿ ಮೊದಲ ಮುದ್ರಣ, 2001ರಲ್ಲಿ ಎರಡನೆಯದು. 1910ರಲ್ಲಿ ಹಳಕಟ್ಟಿಯವರು ಇತರ ಹಿರಿಯರೊಡನೆ ಕಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆಯಲ್ಲಿ ಅವರದೇ ಹೆಸರಿನ ಸಂಶೋಧನ ಕೇಂದ್ರವಿದೆ. ಅವರ ಬರವಣಿಗೆಯನ್ನೆಲ್ಲ ಸಂಪುಟಗಳಾಗಿ ತಂದದ್ದು ಅದೇ.

ಅಚ್ಚಿನಿಂದ ಕಂಪ್ಯೂಟರಿಗೆ ಬರುವಾಗ ಹೊಸದೊಂದು ಬೀಗ ಎದುರಾಯಿತು. ಮೊದಮೊದಲು ಪ್ರತಿ ಕನ್ನಡ ತಂತ್ರಾಂಶವೂ ಅಕ್ಷರಗಳಿಗೆ ತನ್ನದೇ ಸಂಕೇತ ಬಳಸುತ್ತಿತ್ತು. ಒಂದರಲ್ಲಿ ಟೈಪು ಮಾಡಿದ್ದು ಇನ್ನೊಂದರಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತಿತ್ತು. ಪದ ಹುಡುಕುವುದಂತೂ ದೂರದ ಮಾತು. ಯೂನಿಕೋಡ್ ಇದಕ್ಕೆ ಪರಿಹಾರ. ಅದರಲ್ಲಿ ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದು ಖಾಯಂ ಸಂಖ್ಯೆಯಿದೆ. ಕನ್ನಡದ ‘ಅ’ಕ್ಕೆ 3205, ‘ಕ’ಕ್ಕೆ 3221. ಯಂತ್ರ ಯಾವುದೇ ಇರಲಿ, ಸಂಖ್ಯೆ ಬದಲಾಗದು.

ಇದರ ನೆಲೆಯ ಮೇಲೆ ‘ಸಂಚಯ’ ಎಂಬ ಕನ್ನಡ ಸ್ವಯಂಸೇವಕರ ಬಳಗ 2013ರ ಸುಮಾರಿಗೆ ‘ವಚನ ಸಂಚಯ’ವನ್ನು ಕಟ್ಟಿತು. ಓಂಶಿವಪ್ರಕಾಶರು ಮತ್ತು ಅವರ ಗೆಳೆಯರು ತಂತ್ರಜ್ಞಾನದ ಕಡೆ ನೋಡಿಕೊಂಡರೆ, ವಿಮರ್ಶಕ ಓ.ಎಲ್. ನಾಗಭೂಷಣ ಸ್ವಾಮಿಯವರು ಸಾಹಿತ್ಯದ ಕಡೆಯ ಮಾರ್ಗದರ್ಶನ ನೀಡಿದರು. ಹಳೆಯ ಸಂಕೇತದಲ್ಲಿದ್ದ ಪಠ್ಯ ಯೂನಿಕೋಡಿಗೆ ಬಂತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಒಂದು ಪದವನ್ನು ಯಾವ ವಚನಕಾರರು ಎಷ್ಟು ಸಲ ಬಳಸಿದ್ದಾರೆಂಬುದು ಕ್ಷಣದಲ್ಲಿ ಸಿಗುವಂತಾಯಿತು. ಹಿಂದೆ ಇಂಥ ಪದಸೂಚಿ ತಯಾರಿಸಲು ವಿದ್ವಾಂಸನೊಬ್ಬ ಚೀಟಿಗಳ ರಾಶಿಯೊಡನೆ ವರ್ಷಗಟ್ಟಲೆ ಕೂರಬೇಕಿತ್ತು.

ತಿದ್ದುವ ಹಕ್ಕು, ಹೇಳುವ ಹೊಣೆ

ಎಲ್ಲರೂ ಪ್ರತಿ ಮಾಡಬಹುದು, ತಿದ್ದಬಹುದು ಎಂದರೆ ಮೂಲದ ಗತಿಯೇನು? ಈ ಪ್ರಶ್ನೆ ವಚನಗಳಿಗೆ ಹೊಸದಲ್ಲ. ಓಲೆಯಿಂದ ಓಲೆಗೆ ಬರೆಯುವಾಗ ಲಿಪಿಕಾರರು ಸಾಲು ಬಿಟ್ಟಿದ್ದಾರೆ, ಸೇರಿಸಿದ್ದಾರೆ. ಪ್ರಕ್ಷಿಪ್ತಗಳ ಚರ್ಚೆ ಇಂದಿಗೂ ಮುಗಿದಿಲ್ಲ. ಆದರೂ ಸಾವಿರಾರು ವಚನಗಳ ಕರ್ತೃವನ್ನು ಗುರುತಿಸಲು ಆಧಾರವಾದದ್ದು ಅಂಕಿತ. ವಚನ ಯಾರ ಬಾಯಿಗೆ ಹೋದರೂ ಹೇಳಿದವರ ಗುರುತು ಅದರೊಡನೆಯೇ ಹೋಗುತ್ತದೆ.

ಆ ಗುರುತನ್ನೇ ಬದಲಿಸಿದಾಗ ಏನಾಯಿತೆಂಬುದನ್ನು ನಾಡು ಕಂಡಿದೆ. ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ಯಲ್ಲಿ ಬಸವಣ್ಣನ ಅಂಕಿತವಾದ ‘ಕೂಡಲಸಂಗಮದೇವ’ದ ಬದಲು ‘ಲಿಂಗದೇವ’ ಎಂದು ಬಳಸಿದ್ದಕ್ಕೆ ರಾಜ್ಯ ಸರ್ಕಾರ 1998ರಲ್ಲಿ ಆ ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮುಕ್ತ ತಂತ್ರಾಂಶದವರು ಇಂಥ ಸಮಸ್ಯೆಗೆ ಬೇರೆ ದಾರಿ ಹಿಡಿದಿದ್ದಾರೆ. ಅಲ್ಲಿ ತಿದ್ದುವುದಕ್ಕೆ ಅಡ್ಡಿಯಿಲ್ಲ. ಯಾರು, ಯಾವಾಗ, ಏನನ್ನು ತಿದ್ದಿದರೆಂಬ ದಾಖಲೆ ಅಳಿಯದಂತೆ ಉಳಿಯಬೇಕು. ಇದಕ್ಕಾಗಿಯೇ ಟೋರ್ವಾಲ್ಡ್ಸ್ 2005ರಲ್ಲಿ ‘ಗಿಟ್’ ಎಂಬ ಸಾಧನವನ್ನು ಬರೆದ. ಹಳೆಯ ಪಾಠವೂ ಉಳಿಯುತ್ತದೆ, ಹೊಸದೂ ಇರುತ್ತದೆ, ಓದುವವನು ಎರಡನ್ನೂ ತೂಗಿ ನೋಡಬಹುದು. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುವ ಗ್ರಂಥಸಂಪಾದಕನ ಶಿಸ್ತೂ ಇದೇ.

ಹೊರೆ ಯಾರ ಹೆಗಲಿಗೆ?

ಮುಕ್ತವಾದದ್ದು ಓದುವವನಿಗೆ ಪುಕ್ಕಟೆಯಾಗಿ ಸಿಗಬಹುದು. ಕೊಡುವವನಿಗೆ ಅದರ ಬೆಲೆ ಬೀಳುತ್ತದೆ. 2024ರ ಮಾರ್ಚಿನಲ್ಲಿ ಇದು ಜಗತ್ತಿಗೇ ಗೊತ್ತಾಯಿತು. ಕಡತಗಳನ್ನು ಕುಗ್ಗಿಸಲು ಲಿನಕ್ಸ್ ಯಂತ್ರಗಳು ಬಳಸುವ ‘ಎಕ್ಸ್‌ಝಡ್’ ಎಂಬ ಚಿಕ್ಕ ತಂತ್ರಾಂಶವನ್ನು ಹೆಚ್ಚುಕಡಿಮೆ ಒಬ್ಬನೇ ಸ್ವಯಂಸೇವಕ ಬಿಡುವಿನ ವೇಳೆಯಲ್ಲಿ ವರ್ಷಗಟ್ಟಲೆ ನೋಡಿಕೊಂಡಿದ್ದ. ಅವನು ದಣಿದಿದ್ದಾಗ ನೆರವಿನ ಸೋಗಿನಲ್ಲಿ ಬಂದು, ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿದ ಅಪರಿಚಿತನೊಬ್ಬ ಅದರೊಳಗೆ ಕಳ್ಳಬಾಗಿಲು ಇರಿಸಿದ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಯಂತ್ರದೊಳಕ್ಕೆ ಪ್ರವೇಶಿಸಲು ಸುಮಾರು ಅರ್ಧ ಸೆಕೆಂಡು ತಡವಾಗುವುದನ್ನು ಗಮನಿಸಿ, ಬೆನ್ನುಹತ್ತಿ, ಮಾರ್ಚ್ 29ರಂದು ಅದನ್ನು ಬಯಲಿಗೆಳೆದ. ಮೂಲ ಬರಹ ತೆರೆದಿದ್ದರಿಂದಲೇ ಕಳ್ಳತನ ಬೇಗ ಪತ್ತೆಯಾಯಿತು. ಕೋಟ್ಯಂತರ ಜನರ ಹೊರೆ ಒಬ್ಬನ ಹೆಗಲ ಮೇಲಿದ್ದುದರಿಂದಲೇ ಅದು ನಡೆಯಲು ಸಾಧ್ಯವಾದದ್ದೂ ಹೌದು.

ಬಿಜಾಪುರ ಆ ಹೊರೆಯನ್ನು ಮೊದಲೇ ನೋಡಿತ್ತು. ವಕೀಲಿಯಲ್ಲಿ ಹೆಸರು ಮಾಡಿದ್ದ, 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಏರಿದ್ದ ಹಳಕಟ್ಟಿಯವರು ಗಳಿಕೆಯನ್ನೆಲ್ಲ ಮುದ್ರಣಕ್ಕೆ ಸುರಿದು ಬಡತನದಲ್ಲೇ ಬಾಳು ಸವೆಸಿದರು. ಕರ್ನಾಟಕ ವಿಶ್ವವಿದ್ಯಾಲಯ 1956ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಆ ಹೊತ್ತಿಗೆ ಅವರ ವಯಸ್ಸು ಎಪ್ಪತ್ತೈದು ದಾಟಿತ್ತು.

ಕಾನೂನಿನ ಬಾಗಿಲು ತೆರೆಯುವುದೂ ತಡವಾಯಿತು. 1957ರ ಕಾಯಿದೆಯಲ್ಲಿ ಅವಧಿ ಐವತ್ತು ವರ್ಷವಿತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು ಮುಗಿಯುವ ಹೊತ್ತಿಗೆ, 1992ರ ತಿದ್ದುಪಡಿಯಿಂದ ಅದು ಅರವತ್ತಕ್ಕೆ ಏರಿತು. ಹಾಗಾಗದಿದ್ದರೆ ಹಳಕಟ್ಟಿಯವರ ಬರವಣಿಗೆ 2015ರಲ್ಲೇ ಮುಕ್ತವಾಗುತ್ತಿತ್ತು. ಈಗಲೂ ಮುಕ್ತವಾಗಿರುವುದು ಅವರು ಬರೆದದ್ದು ಮಾತ್ರ. ಇತ್ತೀಚಿನ ಸಂಪಾದಕರ ಪ್ರಸ್ತಾವನೆ, ಟಿಪ್ಪಣಿಗಳ ಹಕ್ಕು ಆಯಾ ಲೇಖಕರದೇ ಎಂಬುದನ್ನು ಮರೆಯುವಂತಿಲ್ಲ.

ಬಾಗಿಲು ತೆರೆಯಿತೆಂದ ಮಾತ್ರಕ್ಕೆ ಗ್ರಂಥ ತಾನಾಗಿ ಎದ್ದು ಬರುವುದಿಲ್ಲ. ಆ ಕಾಲದ ಅಗ್ಗದ ಕಾಗದ ವರ್ಷಗಳುರುಳಿದಂತೆ ಹಳದಿಗಟ್ಟಿ, ಮುಟ್ಟಿದರೆ ಮುರಿಯುವಂತಾಗುತ್ತದೆ. ಪುಟಗಳ ಚಿತ್ರ ತೆಗೆದರೆ ರೂಪ ಉಳಿದೀತು. ಅಕ್ಷರ ಅಕ್ಷರವಾಗಿ ಯೂನಿಕೋಡಿಗೆ ತಂದು, ಕರಡು ತಿದ್ದಿದರೆ ಮಾತ್ರ ಅದು ಹುಡುಕಲು, ಅಂಧರಿಗೆ ಓದಿ ಕೇಳಿಸಲು ಬರುತ್ತದೆ. ಕನ್ನಡ ವಿಕಿಸೋರ್ಸ್‌ನಂಥ ತಾಣಗಳಲ್ಲಿ ಈ ಕೆಲಸಕ್ಕೆ ಸ್ಥಳವಿದೆ. ಕಾಲೇಜೊಂದರ ಕನ್ನಡ ವಿಭಾಗದ ವಿದ್ಯಾರ್ಥಿಗಳು ದಿನಕ್ಕೆರಡು ಪುಟ ತಿದ್ದಿದರೂ ವರ್ಷದಲ್ಲಿ ಗ್ರಂಥಗಳೇ ಆಗುತ್ತವೆ.

ಹಳಕಟ್ಟಿಯವರಿಗೆ ಮನೆಮನೆಯ ಗಂಟು ಬಿಚ್ಚಿಸಲು ಒಬ್ಬೊಬ್ಬರನ್ನೂ ಬೇಡಿಕೊಳ್ಳಬೇಕಿತ್ತು. ಅವರು ಬಿಟ್ಟುಹೋದ ಗಂಟನ್ನು ಬಿಚ್ಚಲು ಇಂದು ಯಾರನ್ನೂ ಬೇಡಬೇಕಿಲ್ಲ. ಕುಳಿತು ಓದುವ, ತಿದ್ದುವ ತಾಳ್ಮೆಯೊಂದು ಬೇಕು.