ಜೋಯಿಸರು ಹಿಡಿದ ಬೇರೆ ದಾರಿ

ಮೂರು ರಾಯರ ಹಬ್ಬದಲ್ಲಿ ನಾವು ನೆನೆಯುವ ಜೋಯಿಸರನ್ನು ಮತ್ತಾಯನ ಗ್ರೀಕ್ ಶುಭಸಂದೇಶ 'ಮಾಗೊಯ್' ಎನ್ನುತ್ತದೆ. 'ಮ್ಯಾಜಿಕ್' ಪದದ ಮೂಲವೂ ಅದೇ.

ಯಂತ್ರಯುಗ ಬಂದರೂ ಪಶ್ಚಿಮದಲ್ಲಿ ಗುಪ್ತವಿದ್ಯೆಯ ಗೀಳು ಅಳಿಯಲಿಲ್ಲ. 1875ರಲ್ಲಿ ನ್ಯೂಯಾರ್ಕಿನಲ್ಲಿ ಬ್ಲಾವಟ್‌ಸ್ಕಿ, ಆಲ್ಕಾಟ್ ಮೊದಲಾದವರು ಥಿಯಾಸಾಫಿಕಲ್ ಸೊಸೈಟಿ ಕಟ್ಟಿದರು. 1882ರಲ್ಲಿ ಅದರ ಕೇಂದ್ರ ಮದರಾಸಿನ ಅಡ್ಯಾರಿಗೆ ಬಂತು. 1888ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ 'ಗೋಲ್ಡನ್ ಡಾನ್' ಕೂಟ ವಿದ್ಯಾವಂತರಿಗೇ ಮಂತ್ರವಿಧಿ ಕಲಿಸಿತು.

ಹೀಗಿರುವಾಗ ಕಡೂರು, ತರೀಕೆರೆ, ಅಜ್ಜಂಪುರದ ತಾಯಿ ಮಗುವಿನ ಜ್ವರಕ್ಕೆ ತಾಯತ ಹುಡುಕಿದರೆ ಹಳ್ಳಿಯ ಮೌಢ್ಯವೆಂದು ನಗಲಾದೀತೇ? ಕಾಣದ ಶಕ್ತಿಯನ್ನು ಕೈವಶ ಮಾಡಿಕೊಳ್ಳುವ ಆಸೆ ಎಲ್ಲೆಡೆ ಒಂದೇ. 2017ರಲ್ಲಿ ಕರ್ನಾಟಕ ವಿಧಾನಮಂಡಲ ವಾಮಾಚಾರ ತಡೆ ಮಸೂದೆ ಅಂಗೀಕರಿಸಿತು. ಕಾನೂನು ವಂಚಕನನ್ನು ಹಿಡಿದೀತು, ಮನದ ಭಯವನ್ನಲ್ಲ.

ಜೋಯಿಸರು ಕೂಸಿನ ಮುಂದೆ ಸಾಷ್ಟಾಂಗವೆರಗಿ, ಬೇರೆ ದಾರಿಯಲ್ಲಿ ಊರಿಗೆ ಮರಳಿದರು. ಜ್ವರಕ್ಕೆ ವೈದ್ಯರಿದ್ದಾರೆ, ಭಯಕ್ಕೆ ಯೇಸುಸ್ವಾಮಿ ಇದ್ದಾರೆ. ನಾವೂ ಆ ದಾರಿ ಹಿಡಿಯೋಣ. ಆಮೆನ್.